ಮರಿ ಬರುವ ಮೊದಲೇ ಕೋಣೆ ಕಾಯಲಿ: ಕೋಳಿಮರಿ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಟ್ಟೆಯನ್ನು ಮರಿ ಮಾಡಿಸುವುದು ಮತ್ತು ಮೊದಲ ನಾಲ್ಕು ವಾರ ಮರಿಗಳನ್ನು ಉಳಿಸಿಕೊಳ್ಳುವುದರ ಬಗ್ಗೆ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮುಂದಿನ ತಿಂಗಳು ಒಂದು ದಿನದ 100 ಗಿರಿರಾಜ ಮರಿ ತರಿಸುತ್ತಿದ್ದೇವೆ. ತೋಟದ ಮನೆಯಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ ಖಾಲಿ ಇದೆ. ಏನೇನು ಸಾಮಾನು ಬೇಕು, ಎಷ್ಟೆಷ್ಟು ಬೇಕು?
– ಗುಬ್ಬಿ ತಾಲ್ಲೂಕಿನ ಓದುಗರು

ಉತ್ತರ: ಕೋಣೆಯ ಕೆಲಸ ಮರಿ ಬರುವ ಹದಿನೈದು ದಿನ ಮೊದಲೇ ಶುರುವಾಗಬೇಕು. ನೆಲ ಕೆರೆದು ತೊಳೆದು, ಗೋಡೆಗೂ ನೆಲಕ್ಕೂ ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣ ಬಳಿದು ಪೂರ್ತಿ ಒಣಗಲು ಬಿಡಿ. ಹೆಗ್ಗಣದ ಬಿಲವಿದ್ದರೆ ಸಿಮೆಂಟಿನಿಂದ ಮುಚ್ಚಿ. ಕಿಟಕಿಗೆ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ಹೊಡೆಯಿರಿ. ಅದಕ್ಕಿಂತ ದೊಡ್ಡ ಕಣ್ಣಾದರೆ ಹಾವು ನುಸುಳುತ್ತದೆ. ಹಳೆಯ ಕೋಳಿಗಳಿದ್ದರೆ ಅವು ಈ ಕೋಣೆಯ ಹತ್ತಿರ ಸುಳಿಯಬಾರದು. ಮರಿ ಕೋಣೆಗೆಂದೇ ಬೇರೆ ಚಪ್ಪಲಿ ಇಟ್ಟುಕೊಂಡರೆ ಅರ್ಧ ರೋಗ ಬಾಗಿಲಲ್ಲೇ ನಿಲ್ಲುತ್ತದೆ.

ನೆಲಕ್ಕೆ ಎರಡು ಇಂಚು ದಪ್ಪ ಹಾಸು ಬೇಕು. ಭತ್ತದ ಹೊಟ್ಟಾದರೆ ಇಡೀ ಕೋಣೆಗೆ ಸುಮಾರು 50 ಕೆಜಿ. ಮೊದಲ ವಾರ ಮರಿ ಇರುವ ಸುತ್ತಿಗೆ 15 ಕೆಜಿ ಸಾಕು, ಉಳಿದದ್ದನ್ನು ಚೀಲದಲ್ಲೇ ಒಣಗಿಟ್ಟುಕೊಂಡು ಜಾಗ ಅಗಲಿಸಿದಾಗ ಹರಡಿ. ಕಡಲೆಕಾಯಿ ಸಿಪ್ಪೆಯೂ ಆಗುತ್ತದೆ, ಆದರೆ ಬೂಷ್ಟು ವಾಸನೆ ಬರುತ್ತಿದ್ದರೆ ಮುಟ್ಟಲೇಬೇಡಿ. ಬೂಷ್ಟಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಇಳಿದರೆ ಅವು ಬಾಯಿ ತೆರೆದು ಏದುಸಿರು ಬಿಡುತ್ತಾ ಸಾಯುತ್ತವೆ. ಅದಕ್ಕೆ ಮದ್ದಿಲ್ಲ. ಹಾಸಿನ ಮೇಲೆ ಮೊದಲ ಮೂರು ದಿನಕ್ಕೆ ಮೂರು ಪದರ ಕಾಗದ ಹಾಸಿ, ದಿನಕ್ಕೊಂದು ಪದರ ತೆಗೆಯುತ್ತಾ ಬನ್ನಿ. ಕಾಗದ ಇಲ್ಲದಿದ್ದರೆ ಮರಿ ಹೊಟ್ಟನ್ನೇ ಮೇವೆಂದು ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತದೆ. ನುಣುಪು ಕಾಗದ ಬೇಡ. ಕಾಲು ಜಾರಿ ಎರಡು ಕಡೆಗೆ ಸೀಳಿಕೊಂಡ ಮರಿ ಮತ್ತೆ ನೆಟ್ಟಗೆ ನಿಲ್ಲುವುದು ಕಷ್ಟ. ಒರಟು ಕಂದು ಕಾಗದ ಅಥವಾ ಬಿಡಿಸಿದ ರಟ್ಟಿನ ಡಬ್ಬ ಒಳ್ಳೆಯದು.

ಮರಿಗಳನ್ನು ಕೋಣೆಯಲ್ಲಿ ಸುಮ್ಮನೆ ಬಿಡುವಂತಿಲ್ಲ, ಸುತ್ತು ಕಟ್ಟಬೇಕು. ಒಂದೂವರೆ ಅಡಿ ಎತ್ತರದ ತಗಡು, ರಟ್ಟು ಅಥವಾ ಬಿದಿರ ತಡಿಕೆ, 19 ಅಡಿ ಉದ್ದ. ದುಂಡಗೆ ನಿಲ್ಲಿಸಿದರೆ ಆರಡಿ ಅಗಲದ ಸುತ್ತಾಗುತ್ತದೆ. ಚೌಕ ಮಾಡಬೇಡಿ. ಚಳಿಯಾದರೆ, ಬೆದರಿದರೆ ಮರಿಗಳೆಲ್ಲ ಮೂಲೆಗೆ ಹೋಗಿ ಒಂದರ ಮೇಲೊಂದು ಬೀಳುತ್ತವೆ, ಅಡಿಯಲ್ಲಿದ್ದವು ಉಸಿರುಕಟ್ಟುತ್ತವೆ. ನಾಲ್ಕನೇ ದಿನದಿಂದ ಸುತ್ತನ್ನು ಸ್ವಲ್ಪಸ್ವಲ್ಪ ಅಗಲಿಸಿ. ಎರಡನೇ ವಾರದ ಕೊನೆಗೆ ತೆಗೆದುಬಿಡಿ, ಆದರೆ ಕೋಣೆಯ ನಾಲ್ಕು ಮೂಲೆಗೂ ರಟ್ಟು ಬಾಗಿಸಿ ಇಡಿ.

ಶಾಖಕ್ಕೆ ಮರಿಗೆ 2 ವಾಟ್ ಲೆಕ್ಕ. ನೂರಕ್ಕೆ 200 ವಾಟ್ ಆಯಿತು. 100 ವಾಟಿನ ಎರಡು ಬಲ್ಬಿಗಿಂತ 60 ವಾಟಿನ ನಾಲ್ಕು ತಂತಿ ಬಲ್ಬು ನಮ್ಮ ಆಯ್ಕೆ. ನಡುರಾತ್ರಿ ಒಂದು ಸುಟ್ಟರೂ ಮೂರು ಉರಿಯುತ್ತಿರುತ್ತವೆ. ಬಿದಿರ ಮಂಕರಿಯನ್ನೋ ತಗಡಿನ ಬೋಗುಣಿಯನ್ನೋ ಬೋರಲಾಗಿ ತೂಗಿಬಿಟ್ಟು ಅದರೊಳಗೆ ಬಲ್ಬು ಕೂರಿಸಬಹುದು. ಮಂಕರಿಯಾದರೆ ಬಲ್ಬಿಗೂ ಬಿದಿರಿಗೂ ನಡುವೆ ಒಂದು ಗೇಣು ಜಾಗ ಇರಲಿ. ತೂಗು ಹಾಕಲು ಸರಪಳಿ ಬಳಸಿ, ವೈರಿನ ಮೇಲೆ ಭಾರ ಬಿಡಬೇಡಿ. ಹೋಲ್ಡರ್ ಪಿಂಗಾಣಿಯದೇ ಇರಬೇಕು, ಪ್ಲಾಸ್ಟಿಕ್ಕಿನದು ಕರಗುತ್ತದೆ. ಕೋಳಿಮನೆಗೆ ಬೆಂಕಿ ಬೀಳುವುದು ಹೆಚ್ಚಾಗಿ ಹೀಗೆ: ಬಲ್ಬು ಕಳಚಿ ಒಣ ಹೊಟ್ಟಿನ ಮೇಲೆ ಬಿದ್ದು.

ಹಾಸಿನಿಂದ ಎರಡು ಇಂಚು ಮೇಲೆ, ಅಂದರೆ ಮರಿಯ ಬೆನ್ನಿನ ಎತ್ತರದಲ್ಲಿ, ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ: ಎರಡನೇ ವಾರ 32, ಮೂರನೇ ವಾರ 29, ನಾಲ್ಕನೇ ವಾರ 26. ಇಳಿಸುವುದೆಂದರೆ ಬಲ್ಬನ್ನು ಒಂದೊಂದು ಗೇಣು ಮೇಲಕ್ಕೆತ್ತುವುದು, ಇಲ್ಲವೇ ಒಂದನ್ನು ಆರಿಸುವುದು. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆಗ ಐದನೇ ವಾರವೂ ರಾತ್ರಿ ಹೊತ್ತು ಶಾಖ ಕೊಡಿ.

ಥರ್ಮಾಮೀಟರ್ ಇರಲಿ, ಆದರೆ ಮರಿಗಳ ಮಾತನ್ನೇ ಹೆಚ್ಚು ನಂಬಿ. ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರಿ ಜೋರಾಗಿ ಕಿರುಚುತ್ತಿದ್ದರೆ ಚಳಿ. ದೂರ ಸರಿದು, ರೆಕ್ಕೆ ಬಿಟ್ಟು ಬಾಯಿ ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಸಮವಾಗಿ ಹರಡಿಕೊಂಡು ಕೆಲವು ತಿನ್ನುತ್ತಾ ಕೆಲವು ಮಲಗಿದ್ದರೆ ಶಾಖ ಸರಿಯಾಗಿದೆ. ಇನ್ನೂ ಅನುಮಾನವಿದ್ದರೆ ಒಂದು ಮರಿಯನ್ನು ಎತ್ತಿಕೊಂಡು ಅದರ ಪಾದವನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ. ಪಾದ ತಣ್ಣಗಿದ್ದರೆ ನೆಲ ಕಾದಿಲ್ಲ, ಗಾಳಿ ಮಾತ್ರ ಕಾದಿದೆ. ಅದಕ್ಕಾಗಿಯೇ ಮರಿ ಬರುವ 24 ಗಂಟೆ ಮುಂಚೆ ಬಲ್ಬು ಹಾಕಿ ಬಿಡಬೇಕು ಎನ್ನುವುದು. ಡಬ್ಬ ಮನೆಗೆ ಬಂದ ಮೇಲೆ ಸ್ವಿಚ್ ಒತ್ತಿದರೆ ಸಿಮೆಂಟ್ ನೆಲ ಸಂಜೆಯಾದರೂ ಕಾಯುವುದಿಲ್ಲ. ಮೊದಲ ದಿನ ಚಳಿ ಹಿಡಿದ ಮರಿ ಮೂರನೇ, ನಾಲ್ಕನೇ ದಿನ ಸಾಯುತ್ತದೆ. ಆಗ ಎಲ್ಲರೂ ರೋಗ ಹುಡುಕುತ್ತಾರೆ.

ನೀರಿಗೆ 2 ಲೀಟರಿನ ಮೂರು ಡ್ರಿಂಕರ್ ತನ್ನಿ. ಎರಡು ಬಳಕೆಗೆ, ಒಂದು ತೊಳೆದು ಒಣಗಿಸಿಡಲು. ತಟ್ಟೆಯ ಅಂಚಿಗೆ ಗೋಲಿಯಷ್ಟು ದಪ್ಪದ ತೊಳೆದ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ದೂರದಿಂದ ಬಂದ ಮರಿಗೆ ಮೊದಲು ನೀರು, ಆಮೇಲೆ ಮೇವು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಬೆಲ್ಲ ಕರಗಿಸಿ ಸೋಸಿ ಕೊಡಿ. ಇದು ಮೊದಲ ಐದಾರು ಗಂಟೆಗೆ ಮಾತ್ರ. ದಿನವಿಡೀ ಇಟ್ಟರೆ ಹುಳಿಯುತ್ತದೆ, ಇರುವೆಯೂ ಮುತ್ತುತ್ತದೆ. ಹತ್ತು ಹನ್ನೆರಡು ಮರಿಗಳ ಕೊಕ್ಕನ್ನು ನೀರಿಗೆ ತಾಗಿಸಿ ಬಿಟ್ಟರೆ ಉಳಿದವು ನೋಡಿ ಕಲಿಯುತ್ತವೆ. ಒಂದೆರಡು ಗಂಟೆಯ ನಂತರ ಮೆಕ್ಕೆಜೋಳದ ಸಣ್ಣ ನುಚ್ಚನ್ನು ಕಾಗದದ ಮೇಲೆ ಚೆಲ್ಲಿ. ಮರುದಿನದಿಂದ ಮರಿ ಮೇವು ಶುರು ಮಾಡಿ. ಮೊದಲ ಮೂರು ದಿನ ಮೇವಿನ ತೊಟ್ಟಿ ಬೇಕಿಲ್ಲ. ನಿಮ್ಮ ಊರಲ್ಲಿ ಸಿಗುವ ಅಡಿಕೆ ಹಾಳೆ ತಟ್ಟೆ ಐದು ಸಾಕು. ಅಂಚು ತಗ್ಗು, ಕಾಲು ಜಾರುವುದಿಲ್ಲ, ಕೊಳೆಯಾದರೆ ಎಸೆಯಬಹುದು. ಆಮೇಲೆ ಎರಡೂ ಬದಿಯಿಂದ ತಿನ್ನಬಹುದಾದ ಎರಡೂವರೆ ಅಡಿ ಉದ್ದದ ಎರಡು ತೊಟ್ಟಿ, ಮೂರನೇ ವಾರದಿಂದ ನಾಲ್ಕು. ತೊಟ್ಟಿಗೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಕೆದಕಿ ಚೆಲ್ಲುತ್ತವೆ.

ಮೊದಲ ವಾರ ಒಂದು ಮರಿ ದಿನಕ್ಕೆ 8ರಿಂದ 10 ಗ್ರಾಂ ತಿನ್ನುತ್ತದೆ. ಮರಿ ಮೇವಿನಲ್ಲಿ 20ರಿಂದ 22 ಶೇಕಡ ಪ್ರೋಟೀನ್ ಇರಬೇಕು. ಚೀಲದ ಮೇಲೆ ನೋಡಿ ತನ್ನಿ. ಮೊಟ್ಟೆ ಇಡುವ ಕೋಳಿಯ ಮೇವನ್ನು ಮರಿಗೆ ಕೊಡಬೇಡಿ. ಅದರಲ್ಲಿರುವ ಹೆಚ್ಚಿನ ಸುಣ್ಣಾಂಶ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಮೊದಲಿಗೆ 50 ಕೆಜಿಯ ಒಂದು ಚೀಲ ತನ್ನಿ, ಒಟ್ಟಿಗೆ ಮೂರ್ನಾಲ್ಕು ಬೇಡ. ಹಳೆಯ ಮೇವು ಬೂಷ್ಟು ಹಿಡಿದರೆ ದುಡ್ಡೂ ಹೋಯಿತು, ಮರಿಯೂ ಹೋಯಿತು.

ಮರಿ ಬಿಟ್ಟ ಮಾರನೇ ದಿನ ಬೆಳಿಗ್ಗೆ ಇಪ್ಪತ್ತು ಮರಿಗಳ ಕತ್ತಿನ ಬುಡದ ಚೀಲವನ್ನು ಬೆರಳಲ್ಲಿ ಮುಟ್ಟಿ ನೋಡಿ. ತುಂಬಿ ಮೆತ್ತಗಿದ್ದರೆ ಮೇವು, ನೀರು ಎರಡೂ ಸೇರಿದೆ. ಗಟ್ಟಿಯಾಗಿದ್ದರೆ ನೀರು ಸಾಲದು. ಖಾಲಿ ಇದ್ದರೆ ಮೇವು ಅದಕ್ಕೆ ಕಂಡೇ ಇಲ್ಲ. ಅಂಥವನ್ನು ಬೇರೆ ಡಬ್ಬಕ್ಕೆ ಹಾಕಿ ಕೈಯಾರೆ ಕುಡಿಸಿ. ಇಪ್ಪತ್ತರಲ್ಲಿ ಒಂದು ಖಾಲಿ ಇದ್ದರೆ ಚಿಂತೆಯಿಲ್ಲ. ನಾಲ್ಕೈದು ಖಾಲಿ ಇದ್ದರೆ ಮರಿಗಳ ತಪ್ಪಲ್ಲ, ನಿಮ್ಮ ಶಾಖದಲ್ಲೋ ತಟ್ಟೆ ಇಟ್ಟ ಜಾಗದಲ್ಲೋ ತೊಡಕಿದೆ.

ಪ್ರಶ್ನೆ: ತಂತಿ ಬಲ್ಬು ಅಂಗಡಿಯಲ್ಲಿ ಸಿಗುತ್ತಿಲ್ಲ. ಎಲ್‌ಇಡಿ ಬಲ್ಬು ಹೆಚ್ಚು ಹಾಕಿದರೆ ನಡೆಯುತ್ತದೆಯೇ? ರಾತ್ರಿ ಕರೆಂಟು ಹೋದರೆ ಏನು ಮಾಡಬೇಕು?
– ಶ್ರೀನಿವಾಸಪುರ

ಉತ್ತರ: ಎಲ್‌ಇಡಿ ನಡೆಯುವುದಿಲ್ಲ. ಅದು ಕಡಿಮೆ ವಿದ್ಯುತ್ತಿನಲ್ಲಿ ಬೆಳಕು ಕೊಡಲೆಂದೇ ಇರುವುದು. 9 ವಾಟಿನ ಹತ್ತು ಬಲ್ಬು ಹಾಕಿದರೂ 90 ವಾಟಿನ ಶಾಖ ದಾಟುವುದಿಲ್ಲ, ಅದೂ ಮೇಲೆಯೇ ಉಳಿಯುತ್ತದೆ. ಪಶು ಔಷಧಿ ಅಂಗಡಿಗಳಲ್ಲಿ, ಕೋಳಿ ಸಾಮಾನು ಮಾರುವಲ್ಲಿ ಇನ್‌ಫ್ರಾರೆಡ್ ಬಲ್ಬು ಸಿಗುತ್ತದೆ. 150 ವಾಟಿನ ಎರಡು ನೂರು ಮರಿಗೆ ಬೇಕಾದಷ್ಟಾಯಿತು. ಹಾಸಿನಿಂದ ಒಂದೂವರೆ ಅಡಿ ಎತ್ತರದಲ್ಲಿ ಶುರು ಮಾಡಿ, ಮರಿಗಳ ನಡವಳಿಕೆ ನೋಡಿ ಏರಿಸಿ, ಇಳಿಸಿ. ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಬಲ್ಬೂ ಆಗುತ್ತದೆ. ಆಗ ಬೆಳಕಿಗೆ ಒಂದು ಸಣ್ಣ ಎಲ್‌ಇಡಿ ಹಾಕಿಕೊಳ್ಳಬಹುದು.

ಮನೆಯಲ್ಲಿ 150 ಎಎಚ್ ಬ್ಯಾಟರಿಯ ಯುಪಿಎಸ್ ಇದ್ದರೆ, ಬ್ಯಾಟರಿ ಚೆನ್ನಾಗಿದ್ದರೆ, 240 ವಾಟಿನ ಬಲ್ಬುಗಳನ್ನು ನಾಲ್ಕೈದು ಗಂಟೆ ಎಳೆಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಹೋಗುವ ಊರಾದರೆ ಇದ್ದಿಲೇ ಆಸರೆ. ಮಣ್ಣಿನ ಕುಂಡದಲ್ಲಿ ಇದ್ದಿಲನ್ನು ಹೊರಗೆ ಹೊತ್ತಿಸಿ, ಹೊಗೆ ಪೂರ್ತಿ ನಿಂತು ಕೆಂಡ ಬೂದಿಗಟ್ಟಿದ ಮೇಲೆ ಒಳಗೆ ತನ್ನಿ. ಇಟ್ಟಿಗೆಯ ಮೇಲಿಟ್ಟು ಸುತ್ತ ಜಾಲರಿ ನಿಲ್ಲಿಸಿ. ಕಿಟಕಿಯ ಮೇಲ್ಭಾಗ ಒಂದಡಿಯಾದರೂ ತೆರೆದಿರಲೇಬೇಕು. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಮರಿಗಳಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರೂ ಸಾಯುತ್ತಾರೆ. ಕೆಂಡ ಇಟ್ಟ ಕೋಣೆಯಲ್ಲಿ ಯಾರೂ ಮಲಗಬೇಡಿ.

ಇನ್ನೊಂದು ಮಾತು. ಸದಾ ಬೆಳಕಿನಲ್ಲೇ ಇದ್ದ ಮರಿಗೆ ಕರೆಂಟು ಹೋದ ಕತ್ತಲೆ ಹೊಸದು. ಗಾಬರಿಯಿಂದ ಗುಂಪುಗಟ್ಟಿ ತುಳಿದುಕೊಳ್ಳುತ್ತವೆ. ನಾಲ್ಕನೇ ದಿನದಿಂದ, ಕೋಣೆ ಬೆಚ್ಚಗಿರುವ ಹೊತ್ತು ನೋಡಿಕೊಂಡು, ದಿನಕ್ಕೊಂದು ಗಂಟೆ ದೀಪ ಆರಿಸಿ ಅಭ್ಯಾಸ ಮಾಡಿಸಿ.

ಪ್ರಶ್ನೆ: 50 ಮೊಟ್ಟೆ ಹಿಡಿಸುವ ಫ್ಯಾನ್ ಇರುವ ಇನ್‌ಕ್ಯುಬೇಟರ್ ತಂದು 45 ನಾಟಿ ಮೊಟ್ಟೆ ಇಟ್ಟೆವು. ಮೀಟರಿನಲ್ಲಿ 37.8 ತೋರಿಸುತ್ತಿತ್ತು. 23ನೇ ದಿನ 14 ಮರಿ ಬಂದವು. ಉಳಿದವನ್ನು ಒಡೆದು ನೋಡಿದರೆ ಹೆಚ್ಚಿನವುಗಳಲ್ಲಿ ಪೂರ್ತಿ ಬೆಳೆದ ಮರಿ ಸತ್ತಿತ್ತು. ಕೆಲವು ಚಿಪ್ಪು ಸೀಳಿ ಅಲ್ಲೇ ನಿಂತಿದ್ದವು. ತಪ್ಪೆಲ್ಲಿ?
– ಚಿಂತಾಮಣಿ

ಉತ್ತರ: ನೀವು ಒಡೆದು ನೋಡಿ ಬರೆದದ್ದರಿಂದ ಉತ್ತರ ಹೇಳುವುದು ಸುಲಭವಾಯಿತು. ಪೂರ್ತಿ ಬೆಳೆದು ಸತ್ತಿವೆ ಎಂದರೆ ಹುಂಜದ ತಪ್ಪೂ ಅಲ್ಲ, ಮೊಟ್ಟೆಯ ತಪ್ಪೂ ಅಲ್ಲ. ಮರಿ 21ನೇ ದಿನ ಬರಬೇಕಿತ್ತು, ಎರಡು ದಿನ ತಡವಾಗಿದೆ. ಮೀಟರು 37.8 ಎಂದರೂ ಮೊಟ್ಟೆಗೆ ಅಷ್ಟು ಶಾಖ ತಾಗಿಲ್ಲ. ಚಿಪ್ಪು ಸೀಳಿ ನಿಂತದ್ದು ಕೊನೆಯ ಮೂರು ದಿನದ ತೇವದ ಕೊರತೆ. ಮರಿ ಬರುವುದನ್ನು ನೋಡಲು ಮುಚ್ಚಳ ತೆಗೆದು ತೆಗೆದು ನೋಡಿರಲೂಬಹುದು. ಮುಚ್ಚಳ ತೆರೆದ ಕೂಡಲೇ ಒಳಗಿನ ತೇವವೆಲ್ಲ ಹಾರಿಹೋಗುತ್ತದೆ. ಚಿಪ್ಪಿನೊಳಗಿನ ಬಿಳಿ ಪೊರೆ ಒಣಗಿ ತೊಗಲಿನಂತಾಗಿ ಮರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದು ತಿರುಗಲಾರದು.

ಮುಂದಿನ ಸಲ ಮೊಟ್ಟೆ ಇಡುವ ಮೊದಲು ಯಂತ್ರವನ್ನು ಖಾಲಿಯಾಗಿ ಎರಡು ದಿನ ಓಡಿಸಿ. ಮೀಟರಿನ ಸಾಚಾತನ ಪರೀಕ್ಷಿಸುವುದು ಹೀಗೆ: ಒಂದು ಲೋಟ ಬೆಚ್ಚಗಿನ ನೀರಿಗೆ ಜ್ವರ ನೋಡುವ ಥರ್ಮಾಮೀಟರನ್ನೂ ಸಾದಾ ಗಾಜಿನ ಥರ್ಮಾಮೀಟರನ್ನೂ ಒಟ್ಟಿಗೆ ಇಳಿಬಿಡಿ. ನೀರು 38 ಡಿಗ್ರಿಯ ಆಸುಪಾಸು ಇರಬೇಕು. ಜ್ವರದ ಥರ್ಮಾಮೀಟರ್ ಆ ಮಟ್ಟದಲ್ಲಿ ಕರಾರುವಾಕ್ಕಾಗಿರುತ್ತದೆ. ಸಾದಾ ಥರ್ಮಾಮೀಟರ್ ಎಷ್ಟು ಹೆಚ್ಚುಕಡಿಮೆ ತೋರಿಸುತ್ತದೋ ಬರೆದಿಟ್ಟುಕೊಂಡು, ಅದನ್ನೇ ಯಂತ್ರದೊಳಗೆ ಮೊಟ್ಟೆಯ ಮಟ್ಟದಲ್ಲಿ ನಾಲ್ಕೂ ಮೂಲೆಗೆ ಇಟ್ಟು ನೋಡಿ. ಫ್ಯಾನ್ ಇರುವ ಯಂತ್ರಕ್ಕೆ 37.5ರಿಂದ 37.8 ಡಿಗ್ರಿ. ಫ್ಯಾನ್ ಇಲ್ಲದ್ದಾದರೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5 ಡಿಗ್ರಿಯಷ್ಟು ಬೇಕು.

ತೇವದ ಮೀಟರಿಗೆ ಉಪ್ಪಿನ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದ ಬರುವಷ್ಟು ನೀರು ಚಿಮುಕಿಸಿ, ಮೀಟರಿನ ಜೊತೆ ಗಾಳಿಯಾಡದ ಕವರಿನಲ್ಲಿ 8 ಗಂಟೆ ಇಡಿ. ಸರಿಯಾದ ಮೀಟರು ಶೇಕಡ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮೀಟರಿಗೆ ಸದಾ 7 ಕೂಡಿಸಿ ಓದಿ. ಮೊದಲ 18 ದಿನ 50ರಿಂದ 55, ಕೊನೆಯ ಮೂರು ದಿನ 65ರಿಂದ 70 ಇರಬೇಕು.

ತೇವ ಹೆಚ್ಚಿಸುವುದು ನೀರಿನ ಆಳವಲ್ಲ, ಅಗಲ. ಇಕ್ಕಟ್ಟಾದ ಕಾಲುವೆಗೆ ಎಷ್ಟು ಸುರಿದರೂ ಅಷ್ಟೇ. ಅಗಲ ತಟ್ಟೆ ಇಡಿ, ಅದರಲ್ಲಿ ಸ್ಪಂಜು ನಿಲ್ಲಿಸಿ. ಇಲ್ಲೇ ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರು ಕಾಟ ಕೊಡುವುದು. ಗಡಸು ನೀರಿನ ಉಪ್ಪು ಹತ್ತು ದಿನದಲ್ಲಿ ಸ್ಪಂಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ನೀರು ತುಂಬಿದ್ದರೂ ಆವಿ ಏಳುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ 21 ದಿನಕ್ಕೂ ಆಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದೂ ಒಳ್ಳೆಯದೇ.

ಮೀಟರು ಏನೇ ಹೇಳಲಿ, ತಕ್ಕಡಿ ಸುಳ್ಳು ಹೇಳುವುದಿಲ್ಲ. ಹತ್ತು ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಒಟ್ಟಿಗೆ ತೂಗಿ. 450 ಗ್ರಾಂ ಇತ್ತೆಂದುಕೊಳ್ಳಿ. 18ನೇ ದಿನಕ್ಕೆ ಶೇಕಡ 12ರಷ್ಟು ತೂಕ ಇಳಿದು 396 ಗ್ರಾಂ ಆಗಬೇಕು, 9ನೇ ದಿನಕ್ಕೆ 423ರ ಹತ್ತಿರ ಇರಬೇಕು. 435 ಇದ್ದರೆ ತೇವ ಹೆಚ್ಚಾಗಿದೆ, ನೀರಿನ ಅಗಲ ಕಡಿಮೆ ಮಾಡಿ. 410 ಇದ್ದರೆ ಒಣಗುತ್ತಿದೆ, ಹೆಚ್ಚಿಸಿ. ತೇವ ಮಿತಿಮೀರಿದರೆ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಗೂಡು ಚಿಕ್ಕದಾಗಿ ಮರಿ ಚಿಪ್ಪಿನೊಳಗೇ ನೀರು ಕುಡಿದಂತಾಗಿ ಸಾಯುತ್ತದೆ.

ಏಳನೇ ದಿನ ಕತ್ತಲಲ್ಲಿ ಮೊಬೈಲಿನ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಕೆಂಪು ನರಗಳು ಬಲೆಯಂತೆ ಹಬ್ಬಿದ್ದರೆ ಜೀವ ಇದೆ. ಏನೂ ಇಲ್ಲದೆ ತಿಳಿಯಾಗಿದ್ದರೆ ಹುಂಜ ಸೇರಿಲ್ಲ. ಕೆಂಪು ಉಂಗುರ ಮಾತ್ರ ಕಂಡರೆ ಶುರುವಾಗಿ ಸತ್ತದ್ದು. ಅದನ್ನು ತೆಗೆದುಬಿಡಿ, ಕೊಳೆತು ಒಡೆದರೆ ಇಡೀ ತಟ್ಟೆಗೆ ಸೋಂಕು. ಕೈಯಲ್ಲಿ ಹೊರಳಿಸುವವರು ಒಂದು ಬದಿಗೆ ಗುಣಾಕಾರ, ಇನ್ನೊಂದು ಬದಿಗೆ ಸೊನ್ನೆ ಬರೆದು ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸಿ. ಬೆಸ ಸಂಖ್ಯೆಯಾದರೆ ರಾತ್ರಿಯ ದೀರ್ಘ ಹೊತ್ತು ಒಂದೇ ಬದಿಗೆ ಬೀಳುವುದಿಲ್ಲ. 18ನೇ ದಿನಕ್ಕೆ ಹೊರಳಿಸುವುದು ನಿಲ್ಲಿಸಿ, ನೀರು ತುಂಬಿ, ಮುಚ್ಚಳ ಮುಚ್ಚಿ. ಆಮೇಲೆ ನೀರು ಬೇಕಾದರೆ ಗಾಳಿರಂಧ್ರದಿಂದ ಸಣ್ಣ ಪೈಪು ಇಳಿಸಿ ಬೆಚ್ಚಗಿನ ನೀರನ್ನೇ ಬಿಡಿ.

ಮೊದಲ ಬಿರುಕಿನಿಂದ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದು ಸುಮ್ಮನೆ ಮಲಗಿಲ್ಲ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಕನಿಕರಪಟ್ಟು ಚಿಪ್ಪು ಬಿಡಿಸಿದರೆ ರಕ್ತ ಸೋರುತ್ತದೆ, ಹೊಕ್ಕುಳು ತೆರೆದೇ ಉಳಿಯುತ್ತದೆ. ಹುಟ್ಟಿದ ಮರಿಗೂ ಅವಸರವಿಲ್ಲ. ಆ ಹಳದಿಯ ಬಲದಲ್ಲಿ ಅದು ಎರಡು ದಿನ ಮೇವಿಲ್ಲದೆ ಇರಬಲ್ಲದು. ಮೈ ಒಣಗಿ ಪುಕ್ಕ ಬಿಡಿಸಿಕೊಂಡ ಮೇಲೆ ಒಂದೇ ಸಲಕ್ಕೆ ಎಲ್ಲವನ್ನೂ ಬೆಚ್ಚಗಿನ ಸುತ್ತಿಗೆ ಸಾಗಿಸಿ.

ಕರೆಂಟು ಎರಡು ಗಂಟೆ ಹೋದರೆ ಗಾಬರಿಬೀಳಬೇಡಿ. ಯಂತ್ರಕ್ಕೆ ಕಂಬಳಿ ಹೊದೆಸಿ, ಗಾಳಿರಂಧ್ರ ಬಿಟ್ಟು. ಮೊಟ್ಟೆ ತಣ್ಣಗಾದದ್ದನ್ನು ತಡೆದುಕೊಳ್ಳುತ್ತದೆ, ಕಾದದ್ದನ್ನು ತಡೆಯುವುದಿಲ್ಲ. ಯಂತ್ರಕ್ಕೆ ಬಿಸಿಲು ಬೀಳುವ ಕಿಟಕಿ ಬದಿ ಬೇಡ ಎನ್ನುವುದು ಇದೇ ಕಾರಣಕ್ಕೆ.

ಪ್ರಶ್ನೆ: ಏಪ್ರಿಲ್‌ನಲ್ಲಿ 14 ಮೊಟ್ಟೆಗೆ ಹೇಂಟೆಯನ್ನು ಕಾವಿಗೆ ಕೂರಿಸಿದ್ದೆ. ಮೂರೇ ಮರಿ ಬಂದವು. ಗುಡುಗಿಗೆ ಮೊಟ್ಟೆ ಕೆಟ್ಟಿತು ಎನ್ನುತ್ತಾರೆ. ಇದ್ದಿಲು, ಕಬ್ಬಿಣದ ಚೂರು ಇಟ್ಟಿದ್ದರೂ ಹೀಗಾಯಿತು.
– ಪಾವಗಡ

ಉತ್ತರ: ಗುಡುಗಿನ ಮೇಲೆ ಹೊರಿಸಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಬರುವ ಕಾಲವೂ ಮೊಟ್ಟೆ ಬಿಸಿಲಿಗೆ ಕೆಡುವ ಕಾಲವೂ ಒಂದೇ ಆದ್ದರಿಂದ ಹಾಗೆ ಕಾಣುತ್ತದೆ. ಮೊಟ್ಟೆಯೊಳಗಿನ ಜೀವ ಸುಮಾರು 21 ಡಿಗ್ರಿ ದಾಟಿದರೆ ನಿಧಾನವಾಗಿ ಬೆಳೆಯಲು ಶುರು ಮಾಡುತ್ತದೆ, ಆದರೆ 37ರ ಶಾಖ ಇಲ್ಲದೆ ಮುಂದುವರಿಯಲಾರದು. ಏಪ್ರಿಲ್‌ನಲ್ಲಿ ಮನೆಯೊಳಗೇ 32, 33 ಡಿಗ್ರಿ ಇರುವಾಗ ಎರಡು ವಾರ ಕೂಡಿಟ್ಟ ಮೊಟ್ಟೆಗಳಲ್ಲಿ ಹೆಚ್ಚಿನವು ಹೇಂಟೆ ಕೂರುವ ಮೊದಲೇ ಸತ್ತಿರುತ್ತವೆ.

ಬೇಸಿಗೆಯಲ್ಲಿ ಐದು ದಿನದೊಳಗಿನ ಮೊಟ್ಟೆ, ಬೇರೆ ಕಾಲದಲ್ಲಿ ಏಳು ದಿನದೊಳಗಿನವು ಮಾತ್ರ ಇಡಿ. ಕೂಡಿಡಲು ದೊಡ್ಡ ಮಡಕೆಯಲ್ಲಿ ಮರಳು ತುಂಬಿ ನಡುವೆ ಸಣ್ಣ ಮಡಕೆ ಹೂಳಿ, ಸುತ್ತಲ ಮರಳಿಗೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಒಳಗೆ ಒಣ ಬಟ್ಟೆ ಹಾಸಿ ಮೊಟ್ಟೆಯ ಚೂಪು ತುದಿ ಕೆಳಗೆ ಮಾಡಿ ಇಡಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ. ಫ್ರಿಜ್ಜಿನಲ್ಲಿಟ್ಟದ್ದು ಬೇಡ, ಅಲ್ಲಿಯ ಚಳಿ ಅತಿಯಾಯಿತು. ಕೊಳಕಾದ ಮೊಟ್ಟೆಯನ್ನು ತೊಳೆಯಲೂಬೇಡಿ, ಇಡಲೂಬೇಡಿ. ತೊಳೆದರೆ ಚಿಪ್ಪಿನ ಮೇಲಿನ ಕಾಪು ಹೋಗಿ ಸೋಂಕು ಒಳಸೇರುತ್ತದೆ.

ನಾಟಿ ಹೇಂಟೆಯ ರೆಕ್ಕೆಗೆ 10ರಿಂದ 12 ಮೊಟ್ಟೆಯೇ ಮಿತಿ. 14 ಇಟ್ಟರೆ ಹೊರಗುಳಿದ ಎರಡು ಮೊಟ್ಟೆ ದಿನಕ್ಕೊಂದು ಬದಲಾಗಿ ಕೊನೆಗೆ ಎಲ್ಲಕ್ಕೂ ಕಾವು ಸಾಲದೆ ಹೋಗುತ್ತದೆ. ಮಂಕರಿಯ ತಳಕ್ಕೆ ಮೂರು ಇಂಚು ಮರಳು, ಮೇಲೆ ಹುಲ್ಲು. ಕೂರಿಸುವ ಮೊದಲು ಹೇಂಟೆಯ ರೆಕ್ಕೆಯ ಅಡಿ, ಗುದದ ಸುತ್ತ ಪುಕ್ಕ ಬಿಡಿಸಿ ಹೇನು ನೋಡಿ. ಇದ್ದರೆ ಮೂರ್ನಾಲ್ಕು ದಿನ ಬೂದಿಯಲ್ಲಿ ಹೊರಳಾಡಲು ಬಿಡಿ, ಕಡಿಮೆಯಾಗದಿದ್ದರೆ ಪಶುವೈದ್ಯರ ಸಲಹೆ ಕೇಳಿ. ಹೇನು ಕಚ್ಚುವ ಹೇಂಟೆ ರಾತ್ರಿ ಎದ್ದು ಹೋಗುತ್ತದೆ, ಬೆಳಿಗ್ಗೆ ನಿಮಗೆ ಕಾಣುವಾಗ ಮತ್ತೆ ಕೂತಿರುತ್ತದೆ. ಮೇವು, ನೀರು ನಾಲ್ಕು ಹೆಜ್ಜೆ ದೂರದಲ್ಲೇ ಇರಲಿ. ದಿನಕ್ಕೆ 15, 20 ನಿಮಿಷ ಎದ್ದರೆ ತೊಂದರೆಯಿಲ್ಲ.

ಇಟ್ಟ ಮೊಟ್ಟೆಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ಬೇರೆ ಹೇಂಟೆಗಳು ಅದೇ ಮಂಕರಿಗೆ ಬಂದು ಹೊಸ ಮೊಟ್ಟೆ ಸೇರಿಸುವುದು ಸಾಮಾನ್ಯ. ಗುರುತಿಲ್ಲದ್ದನ್ನು ಅಂದೇ ತೆಗೆಯಿರಿ.

ಪ್ರಶ್ನೆ: ನಾವು ಸಾಕಿದ ಗಿರಿರಾಜ ಕೋಳಿಯ ಮೊಟ್ಟೆಯಿಂದಲೇ ಮರಿ ಮಾಡಿಸಬಹುದೇ? ಅಂಗಡಿಯ ಮೊಟ್ಟೆ?
– ಬಂಗಾರಪೇಟೆ

ಉತ್ತರ: ಅಂಗಡಿಯ ಫಾರಂ ಮೊಟ್ಟೆಯಿಂದ ಮರಿ ಬಾರದು. ಅಲ್ಲಿ ಹೇಂಟೆಗಳ ಜೊತೆ ಹುಂಜ ಇರುವುದೇ ಇಲ್ಲ. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಲವು ತಳಿ ಬೆರೆಸಿ ರೂಪಿಸಿದ್ದು. ಅದರ ಮೊಟ್ಟೆಯಿಂದ ಮರಿ ಬರುತ್ತದೆ, ಆದರೆ ಒಂದೊಂದು ಒಂದೊಂದು ತರ ಇರುತ್ತದೆ, ತೂಕವೂ ಮೊಟ್ಟೆಯೂ ತಾಯಿಯಷ್ಟು ಬರುವುದಿಲ್ಲ. ಮನೆ ಬಳಕೆಗೆ ಅಡ್ಡಿಯಿಲ್ಲ, ಮಾರಾಟಕ್ಕೆ ಹೊಸ ಮರಿಯನ್ನೇ ತನ್ನಿ. ಗಿರಿರಾಜ ಕಾವಿಗೆ ಕೂರುವುದೂ ಅಪರೂಪ, ನಾಟಿ ಹೇಂಟೆಯ ಅಡಿಯಲ್ಲಿ ಇಡಬೇಕು. ಮೊಟ್ಟೆ ದಪ್ಪ ಇರುವುದರಿಂದ ಎಂಟೊಂಬತ್ತಕ್ಕೆ ನಿಲ್ಲಿಸಿ.

ಪ್ರಶ್ನೆ: ರೇಷ್ಮೆ ಹುಳು ಮನೆ ಎರಡು ಬೆಳೆಗಳ ನಡುವೆ ಖಾಲಿ ಇರುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಕೋಳಿಮರಿ ಸಾಕಬಹುದೇ?
– ಶಿಡ್ಲಘಟ್ಟ

ಉತ್ತರ: ಬೇಡ. ಕೋಳಿ ಹಾಸಿನಲ್ಲಿ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಬೂಷ್ಟು ಎಳೆಯ ರೇಷ್ಮೆ ಹುಳುವಿಗೂ ರೋಗ ತರುತ್ತದೆ. ಮರಿಗಳಿಂದ ಸಿಗುವ ಲಾಭಕ್ಕಿಂತ ಒಂದು ಬೆಳೆ ಗೂಡು ಹಾಳಾಗುವ ನಷ್ಟ ದೊಡ್ಡದು. ಮರಿಗಳಿಗೂ ಅದು ಹೊಂದುವುದಿಲ್ಲ: ಸೋಂಕು ನಿವಾರಣೆಗೆ ಹೊಡೆದ ಫಾರ್ಮಲಿನ್ನಿನ ಘಾಟು ಗೋಡೆಯಲ್ಲಿ ಉಳಿದಿರುತ್ತದೆ. ಒಳಗೆ ಹೋದಾಗ ನಿಮ್ಮ ಕಣ್ಣು ಉರಿದರೆ ನೆಲಕ್ಕೆ ಹತ್ತಿರವಿರುವ ಮರಿಯ ಕಣ್ಣು ಇನ್ನೂ ಹೆಚ್ಚು ಉರಿಯುತ್ತದೆ. ರೇಷ್ಮೆ ಕೆಲಸ ಪೂರ್ತಿ ಬಿಟ್ಟು ಕಟ್ಟಡ ಖಾಲಿ ಉಳಿದಿದ್ದರೆ, ತೊಳೆದು, ಬಾಗಿಲು ಕಿಟಕಿ ತೆರೆದು ಘಾಟು ಹೋಗಲಾಡಿಸಿ ಬಳಸಬಹುದು. ಹುಳು ಮನೆ ವಿಶಾಲವಾಗಿರುವುದರಿಂದ ಒಂದು ಮೂಲೆಗೆ ಚೀಲದ ಪರದೆ ಕಟ್ಟಿ ಅಷ್ಟನ್ನೇ ಕಾಯಿಸಿ. ಗೂಡಿನ ನೂಲು ಬಿಚ್ಚಿದ ಮೇಲೆ ಉಳಿಯುವ ಹಸಿ ಹುಳುವನ್ನು ಕೋಳಿಮರಿಗಳಿಗೆ ತಿನ್ನಿಸುವುದು ಬೇಡ, ಎಣ್ಣೆ ಹೆಚ್ಚಿರುವುದರಿಂದ ಬೇಗ ಕಮಟುತ್ತದೆ.

ಪ್ರಶ್ನೆ: ತೆಂಗಿನ ನಾರಿನ ಪುಡಿಯನ್ನು ಹಾಸಾಗಿ ಬಳಸಬಹುದೇ?
– ತಿಪಟೂರು

ಉತ್ತರ: ಬಳಸಬಹುದು. ಭತ್ತದ ಹೊಟ್ಟಿಗಿಂತ ಹೆಚ್ಚು ತೇವ ಹೀರುತ್ತದೆ. ಆದರೆ ನಾರಿನ ಕಾರ್ಖಾನೆಯಿಂದ ತಂದದ್ದು ಒಳಗೆ ಒದ್ದೆಯಿರುತ್ತದೆ. ತೆಳ್ಳಗೆ ಹರಡಿ ಮೂರ್ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು ನುಣ್ಣನೆ ಧೂಳು ತೆಗೆದ ಮೇಲೆ ಹಾಸಿ. ಮೊದಲ ವಾರಕ್ಕೆ ಹೊಟ್ಟು, ಆಮೇಲೆ ನಾರಿನ ಪುಡಿ ಬೆರೆಸುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಮೂರು ವಾರ ಚೆನ್ನಾಗಿದ್ದ ಮರಿಗಳು ನಾಲ್ಕನೇ ವಾರ ರೆಕ್ಕೆ ಜೋತುಬಿಟ್ಟು, ರಕ್ತ ಬೆರೆತ ಹಿಕ್ಕೆ ಹಾಕಿ ಸತ್ತವು. ಲಸಿಕೆ ಹಾಕಿಸಿದ್ದೆವು. ಲಸಿಕೆ ಕೆಟ್ಟಿತ್ತೇ? 30 ಮರಿಗೆ ಒಂದು ಬಾಟಲಿ ಒಡೆದು ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮತ್ತೆ ಬಳಸಬಹುದೇ?
– ಗೌರಿಬಿದನೂರು

ಉತ್ತರ: ಇದು ಲಸಿಕೆಗೆ ಸಂಬಂಧಿಸಿದ್ದಲ್ಲ. ನೀವು ಬರೆದ ಲಕ್ಷಣ ರಕ್ತಭೇದಿಯದು, ಕಾಕ್ಸಿಡಿಯೋಸಿಸ್. ಒದ್ದೆ ಹಾಸಿನಲ್ಲಿ ಹೆಚ್ಚುವ ಪರಾವಲಂಬಿ ಇದರ ಮೂಲ. ಡ್ರಿಂಕರಿನ ಸುತ್ತಲಿನ ಹಾಸನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆ ಕಟ್ಟಿದರೆ ಆಗಲೇ ತೆಗೆದು ಒಣ ಹೊಟ್ಟು ಹಾಕಿ. ಡ್ರಿಂಕರನ್ನು ಇಟ್ಟಿಗೆಯ ಮೇಲಿಟ್ಟು ನೀರಿನ ಅಂಚು ಮರಿಯ ಬೆನ್ನಿನ ಎತ್ತರಕ್ಕೆ ಬರುವಂತೆ ವಾರವಾರ ಏರಿಸಿ, ಚೆಲ್ಲುವುದು ನಿಲ್ಲುತ್ತದೆ. ಇಡೀ ಹಾಸನ್ನು ದಿನಕ್ಕೊಮ್ಮೆ ಕೆದಕಿ ತಿರುವಿ. ರಕ್ತದ ಹಿಕ್ಕೆ ಕಂಡ ದಿನವೇ ಪಶುವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ಆಂಪ್ರೋಲಿಯಂ ಕುಡಿಯುವ ನೀರಿನಲ್ಲಿ ಕೊಡಿಸುತ್ತಾರೆ. ಎರಡು ದಿನ ಕಾದರೆ ಅರ್ಧ ಗುಂಪು ಹೋಗಿರುತ್ತದೆ. ಔಷಧಿ ಕೊಡುವಾಗ ಬೇರೆ ನೀರು ಸಿಗದಂತೆ ನೋಡಿಕೊಳ್ಳಿ.

ಲಸಿಕೆಯ ವಿಚಾರ ಬೇರೆ. ಕೊಕ್ಕರೆ ರೋಗಕ್ಕೆ 5ರಿಂದ 7ನೇ ದಿನದೊಳಗೆ ಲಸೋಟ ಲಸಿಕೆಯ ಒಂದು ಹನಿ ಕಣ್ಣಿಗೆ ಇಲ್ಲವೇ ಮೂಗಿಗೆ, 14ನೇ ದಿನ ಗುಂಬೋರೊ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟ, ಆರೇಳು ವಾರಕ್ಕೆ ಸಿಡುಬಿನ ಲಸಿಕೆ, ಎಂಟನೇ ವಾರ ಕೊಕ್ಕರೆ ರೋಗಕ್ಕೇ ಮತ್ತೊಮ್ಮೆ ಆರ್2ಬಿ ಎಂಬ ಚುಚ್ಚುಮದ್ದು. ಕಣ್ಣಿಗೆ ಹನಿ ಹಾಕಿದ ಮೇಲೆ ಮರಿ ಒಮ್ಮೆ ರೆಪ್ಪೆ ಮುಚ್ಚಿ ತೆರೆಯುವವರೆಗೆ ಕೈಯಲ್ಲೇ ಹಿಡಿದಿರಿ, ಇಲ್ಲದಿದ್ದರೆ ತಲೆ ಕೊಡವಿ ಹನಿ ಚೆಲ್ಲುತ್ತದೆ. ಇವು ಜೀವಂತ ಲಸಿಕೆಗಳು. ಒಡೆದ ಬಾಟಲಿಯನ್ನು ಮಂಜುಗಡ್ಡೆಯ ಮೇಲಿಟ್ಟುಕೊಂಡು ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೂ ಅದು ಬರೀ ನೀರು. ಬಾಟಲಿಯಲ್ಲಿ ಕಡಿಮೆಯೆಂದರೂ 100 ಮರಿಗಾಗುವಷ್ಟು ಇರುವುದರಿಂದ ಅಕ್ಕಪಕ್ಕದ ಮೂರು ಮನೆಯವರು ಒಂದೇ ದಿನ ಮರಿ ತರಿಸಿ ಒಂದೇ ಬೆಳಿಗ್ಗೆ ಹಾಕಿಸಿಕೊಳ್ಳುವುದು ಜಾಣತನ. ಆದರೆ ಮರಿಗಳನ್ನು ಒಂದೇ ಕಡೆ ತಂದು ಸೇರಿಸಬೇಡಿ, ಲಸಿಕೆಯೇ ಮನೆಮನೆಗೆ ಹೋಗಲಿ. ಅಂಗಡಿಯಿಂದ ತರುವಾಗ ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ ತನ್ನಿ. ಮಂಜು ಪೂರ್ತಿ ಕರಗಿ ನೀರು ಬೆಚ್ಚಗಾಗಿದ್ದರೆ ಆ ಬಾಟಲಿಯನ್ನು ಬಳಸಬೇಡಿ.